ಗಂಟೆಯ ದರ ಆಮೇಲೆ ಕೇಳಿ

"ಸರ್, ಗಂಟೆಗೆ ಎಷ್ಟಾಗುತ್ತೆ?" ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ ದೂರದ ಕಂಪ್ಯೂಟರ್) ಬೇಕು ಅಂತ ನನ್ನ ಹತ್ತಿರ ಬರುವ ಪಿಎಚ್‌ಡಿ ಹುಡುಗರು ಮೊದಲು ಕೇಳೋದೇ ಇದು. ನಾನು ತಿರುಗಿ ಕೇಳುವುದು ಬೇರೆ. ಡೇಟಾ ಎಲ್ಲಿದೆ? ಅದರಲ್ಲಿ ಎಷ್ಟನ್ನು ವಾಪಸ್ ತರಬೇಕು?

ಪಬ್ಲಿಕ್ ಕ್ಲೌಡ್‌ಗೆ (ಅಂದರೆ ಕಂಪನಿಗಳು ಬಾಡಿಗೆಗೆ ಕೊಡುವ ಯಂತ್ರಗಳಿಗೆ) ಡೇಟಾ ಹಾಕೋದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ತೆಗೆಯೋದಕ್ಕೆ ಇದೆ. ಅಮೆಜಾನ್‌ನ ಅಮೆರಿಕದ ಕೇಂದ್ರಗಳಲ್ಲಿ ತಿಂಗಳಿಗೆ 100 ಜಿಬಿ ಉಚಿತ, ಆಮೇಲೆ ಜಿಬಿಗೆ ಸುಮಾರು 9 ಸೆಂಟ್. ಒಬ್ಬ ಮನುಷ್ಯನ ಪೂರ್ತಿ ಡಿಎನ್‌ಎ, ಅಂದರೆ ಜೀನೋಮ್‌ನ ಕಚ್ಚಾ ಫೈಲೇ 100 ಜಿಬಿ ಆಸುಪಾಸು ಇರುತ್ತದೆ. ನೂರು ಜನರದ್ದನ್ನು ಇಳಿಸಿಕೊಂಡರೆ ಹತ್ತಿರ ಹತ್ತಿರ 900 ಡಾಲರ್. ಗ್ರಾಂಟ್ ಅರ್ಜಿಯಲ್ಲಿ ಈ ಸಾಲನ್ನು ಬರೆದವರನ್ನು ನಾನು ಕಂಡಿದ್ದು ಕಡಿಮೆ.

ಡೇಟಾ ಮೊದಲೇ ಅಲ್ಲಿದ್ದರೆ ಲೆಕ್ಕ ತಲೆಕೆಳಗು. ಜಗತ್ತಿನ ನಾನಾ ಕಡೆಯ ಜನರ ಜೀನೋಮ್ ಓದಿದ 1000 ಜೀನೋಮ್ಸ್ ಯೋಜನೆಯ ಡೇಟಾ 2012ರಲ್ಲೇ ಅಮೆಜಾನ್‌ ಮೇಲೆ ಬಂತು, ಆಗಲೇ 200 ಟಿಬಿ. ಅಷ್ಟನ್ನು ಇಲ್ಲಿಗೆ ಹೊತ್ತು ತರುವುದಕ್ಕಿಂತ ನಮ್ಮ ಪುಟ್ಟ ಪ್ರೋಗ್ರಾಮನ್ನೇ ಅಲ್ಲಿಗೆ ಕಳಿಸುವುದು ಜಾಣತನ ಅಲ್ವಾ?

ಯಂತ್ರಗಳಿಗೆ ವರ್ಷವಿಡೀ ಕೆಲಸ ಇದ್ದರೆ ಮಾತ್ರ ಸ್ವಂತದ್ದು ಗಿಟ್ಟುತ್ತದೆ. ಜಿನೀವಾ ಬಳಿಯ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ಹಾಗೇ ಮಾಡಿತು. 2013ರಿಂದ ಅದು ತನ್ನದೇ ಯಂತ್ರಗಳ ಮೇಲೆ ಓಪನ್‌ಸ್ಟ್ಯಾಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ತನ್ನವರಿಗಷ್ಟೇ ಎಂದು ಪ್ರೈವೇಟ್ ಕ್ಲೌಡ್ ನಡೆಸುತ್ತಿದೆ. ಆ ಸಾಫ್ಟ್‌ವೇರ್ 2010ರಲ್ಲಿ ನಾಸಾ ಮತ್ತು ಕ್ಲೌಡ್ ಕಂಪನಿ ರ‍್ಯಾಕ್‌ಸ್ಪೇಸ್ ಸೇರಿ ಶುರುಮಾಡಿದ್ದು, ಲೈಸೆನ್ಸ್ ಫೀ ಇಲ್ಲ. ಆದರೆ ಕರೆಂಟ್ ಬಿಲ್ಲು, ಎಸಿ, ಸಂಬಳ ಎಲ್ಲ ನಮ್ಮದೇ. ಎಸಿ ಕೆಟ್ಟರೆ ಭಾನುವಾರವೂ ಓಡುವವರು ನಾವೇ.

ಪಬ್ಲಿಕ್‌ನಲ್ಲಿ ಅಗ್ಗದ ದಾರಿ ಅಂದರೆ ಸ್ಪಾಟ್ ಯಂತ್ರ. ಖಾಲಿ ಬಿದ್ದಿದ್ದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಬೇರೆ ಕಡೆ ಬೇಕಾದಾಗ ಕಿತ್ತುಕೊಳ್ಳುತ್ತಾರೆ. ಅಮೆಜಾನ್ ಕೊಡುವ ಮುನ್ಸೂಚನೆ ಎರಡೇ ನಿಮಿಷ. ನಾನೂ ಒಮ್ಮೆ ಈ ಅಗ್ಗಕ್ಕೆ ಬಿದ್ದಿದ್ದೆ. ಸಿಮ್ಯುಲೇಶನ್ ಒಂದೂವರೆ ದಿನ ಓಡಿತ್ತು. ಯಂತ್ರ ಹೋಯಿತು. ಚೆಕ್‌ಪಾಯಿಂಟ್ ಫೈಲ್ (ಅಲ್ಲಿವರೆಗಿನ ಲೆಕ್ಕ ಉಳಿಸಿಡುವ ಫೈಲ್) ಹೊರಗಿನ ಸ್ಟೋರೇಜ್‌ನಲ್ಲಿ ತೆರೆದು ನೋಡಿದರೆ ಸೊನ್ನೆ ಬೈಟ್! ಬರೆಯುತ್ತಿದ್ದದ್ದು ಯಂತ್ರದ ಜೊತೆಗೇ ಅಳಿಸಿಹೋಗುವ ಡಿಸ್ಕಿಗೆ. ಹೊರಗಿನ ಸ್ಟೋರೇಜ್‌ಗೆ ನಕಲು ಹೋಗುತ್ತಿದೆ ಅಂತ ಸುಮ್ನೆ ನಂಬಿಕೊಂಡಿದ್ದೆ.

ಈಗ ಸ್ಪಾಟ್ ಕೇಳುವವರಿಗೆ ಮೊದಲು ಒಂದು ಗಂಟೆ ಓಡಿಸಲು ಹೇಳುತ್ತೇನೆ. ಮಧ್ಯದಲ್ಲಿ ಅವರ ಕೈಯಲ್ಲೇ ಯಂತ್ರ ಕೊಲ್ಲಿಸುತ್ತೇನೆ. ನಿಂತಲ್ಲಿಂದ ಮತ್ತೆ ಶುರುವಾದರೆ ಅಕೌಂಟ್ ಕೊಡುತ್ತೇನೆ.