ನ್ಯಾನೊಕ್ಯಾಪ್ಸೂಲ್: ಮದ್ದಿಗಿಂತ ಮೊದಲು ಹೊದಿಕೆಯ ವಿಚಾರಣೆ

“ನ್ಯಾನೊ ಇಂಜೆಕ್ಷನ್ ನೇರವಾಗಿ ಗಡ್ಡೆಗೇ ಹೋಗುತ್ತದಂತಲ್ಲ, ಡಾಕ್ಟರ್ ಸಾಹೇಬರೇ?” ಕಲಬುರಗಿಗೆ ಕ್ಯಾನ್ಸರ್ ಚಿಕಿತ್ಸೆಗೆಂದು ಬರುವ ಜೇವರ್ಗಿ, ಆಳಂದ ಕಡೆಯ ರೋಗಿಗಳ ಮನೆಯವರು ಮೊಬೈಲ್‌ನಲ್ಲಿ ನೋಡಿಕೊಂಡು ಬಂದು ಹೀಗೆ ಕೇಳುತ್ತಾರೆ. ಹಾಗೆ ಹೋಗುವುದಿಲ್ಲ. ರಕ್ತಕ್ಕೆ ಬಿಟ್ಟ ನ್ಯಾನೊ ಕಣಗಳಲ್ಲಿ ದೊಡ್ಡ ಪಾಲು ಯಕೃತ್ತು ಮತ್ತು ಗುಲ್ಮ ಸೇರುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಅವನ್ನು ಹಿಡಿದು ನುಂಗುತ್ತವೆ.

ಪಾಲಿಮರ್ ನ್ಯಾನೊಕ್ಯಾಪ್ಸೂಲ್ ಹೂರಣದ ಕಡುಬಿನಂತೆ: ಹೊರಗೆ ತೆಳುವಾದ ಪಾಲಿಮರ್ ಪದರ, ಒಳಗೆ ಎಣ್ಣೆಯಲ್ಲೋ ನೀರಿನಲ್ಲೋ ಕರಗಿದ ಔಷಧ. ಗಾತ್ರ ಸಾಮಾನ್ಯವಾಗಿ 100ರಿಂದ 300 ನ್ಯಾನೊಮೀಟರ್. ಕೆಂಪು ರಕ್ತಕಣದ ಅಗಲವೇ ಸುಮಾರು 7,000. ಹೊದಿಕೆಗೆ ಹೆಚ್ಚಾಗಿ ಬಳಸುವ ಪಿಎಲ್‌ಜಿಎ ಎಂಬ ಪಾಲಿಮರ್ ದೇಹದಲ್ಲಿ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಾಗಿ ಒಡೆದುಹೋಗುತ್ತದೆ. ಇದೊಂದನ್ನೇ ಹಿಡಿದು ‘ಪೂರ್ತಿ ಸುರಕ್ಷಿತ’ ಎಂದುಬಿಡುವವರಿದ್ದಾರೆ. ಒಡೆಯಲು ವಾರಗಟ್ಟಲೆ ಬೇಕು. ರಕ್ಷಣಾ ವ್ಯವಸ್ಥೆ ನಿಮಿಷಗಳಲ್ಲೇ ಪ್ರತಿಕ್ರಿಯಿಸುತ್ತದೆ. ರಕ್ತದ ಪ್ರೋಟೀನ್‌ಗಳು ಹೊದಿಕೆಗೆ ಅಂಟಿಕೊಂಡ ಮೇಲೆ ಮ್ಯಾಕ್ರೊಫೇಜ್‌ಗೆ ಕಾಣುವುದು ಆ ಪ್ರೋಟೀನ್ ಮುಸುಕು.

ಸುರಕ್ಷತೆಯ ಪರೀಕ್ಷೆ ಎಂದರೆ ಕೋಶ ಬದುಕಿದೆಯೇ ಎಂದಷ್ಟೇ ನೋಡುವ ಎಂಟಿಟಿ ಪರೀಕ್ಷೆ ಮಾಡಿ ಮುಗಿಸುವ ಅಭ್ಯಾಸ ನಮ್ಮ ಪ್ರಯೋಗಾಲಯಗಳಲ್ಲಿ ಬೇರೂರಿದೆ. 96 ಗುಳಿಗಳ ತಟ್ಟೆಯಲ್ಲಿ ಕೋಶ ಬೆಳೆಸಿ, ಕ್ಯಾಪ್ಸೂಲ್ ಹಾಕಿ, ಮರುದಿನ ಹಳದಿ ದ್ರಾವಣ ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ. ತಟ್ಟೆ ತುಂಬ ನೇರಳೆ ಕಂಡರೆ ಪ್ರಬಂಧ ಬರೆಯಲು ಕೂರುತ್ತಾರೆ. ಆದರೆ ಬದುಕಿರುವ ಮ್ಯಾಕ್ರೊಫೇಜ್ ಕೆರಳಿರಬಹುದು. ಇಲ್ಲವೇ ಮಂಕಾಗಿ, ಬ್ಯಾಕ್ಟೀರಿಯಾ ನುಂಗುವ ಕೆಲಸವನ್ನೇ ಬಿಟ್ಟಿರಬಹುದು. ಆ ಕೋಶಗಳು ಬೆಳೆದ ದ್ರವದಲ್ಲಿ ಟಿಎನ್‌ಎಫ್-ಆಲ್ಫಾ, ಐಎಲ್-6 ಎಂಬ ಉರಿಯೂತದ ಸಂಕೇತ ಪ್ರೋಟೀನ್‌ಗಳನ್ನು ಅಳೆದರೆ ಕೆರಳಿರುವುದು ಗೊತ್ತಾಗುತ್ತದೆ. ಅದಕ್ಕೂ ಮೊದಲು ಎಂಡೊಟಾಕ್ಸಿನ್ ಪರೀಕ್ಷೆ ಆಗಬೇಕು. ಬ್ಯಾಕ್ಟೀರಿಯಾದ ಈ ಅಂಶ ಗಾಜಿನಲ್ಲಿ ಲವಲೇಶ ಉಳಿದಿದ್ದರೂ ಕೋಶಗಳು ಕೆರಳುತ್ತವೆ, ಅಪವಾದ ಕ್ಯಾಪ್ಸೂಲಿನ ಮೇಲೆ ಬರುತ್ತದೆ. (“ಆಟೋಕ್ಲೇವ್ ಮಾಡಿದ್ದೇವೆ ಸರ್”, ಅಂದರೆ ಒತ್ತಡದ ಹಬೆಯಲ್ಲಿಟ್ಟಿದ್ದೇವೆ, ಎನ್ನುವ ವಿದ್ಯಾರ್ಥಿಗಳೇ, ಎಂಡೊಟಾಕ್ಸಿನ್ ಆ ಬಿಸಿಗೆ ಜಗ್ಗುವುದಿಲ್ಲ. ಗಾಜಿನ ಸಾಮಾನಿಗೆ 250 ಡಿಗ್ರಿ ಸೆಲ್ಸಿಯಸ್ ಒಣಶಾಖವೇ ಬೇಕು.)

ಧನಾತ್ಮಕ ವಿದ್ಯುದಂಶದ ಮೇಲ್ಮೈ ಕೋಶಗಳಿಗೆ ಸಾಮಾನ್ಯವಾಗಿ ಹೆಚ್ಚು ಹಾನಿಕರ. ನುಂಗುವುದನ್ನು ತಡಮಾಡಲು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್ ಲೇಪಿಸುತ್ತಾರೆ. ಕೆಲವರ ರಕ್ತದಲ್ಲಿ ಅದರ ವಿರುದ್ಧವೂ ಪ್ರತಿಕಾಯಗಳಿರುತ್ತವೆ. ನುಂಗುವುದೇ ಒಳ್ಳೆಯದಾಗುವ ರೋಗವೂ ಉಂಟು. ಕ್ಷಯದ ಬ್ಯಾಕ್ಟೀರಿಯಾ ಅಡಗುವುದು ಇದೇ ಮ್ಯಾಕ್ರೊಫೇಜ್ ಒಳಗೆ. ಕ್ಷಯದ ಔಷಧ ರಿಫಾಂಪಿಸಿನ್ ತುಂಬಿದ ಕಣಗಳನ್ನು ಅಲ್ಲಿಗೇ ಮುಟ್ಟಿಸುವ ಸಂಶೋಧನೆ ನಡೆದಿದೆ, ನನಗೆ ಹೆಚ್ಚು ಭರವಸೆ ಇರುವುದೂ ಅದರಲ್ಲೇ.

ವಾರ್ಡಿನಲ್ಲಿ ನಮಗೆ ಪರಿಚಯವಿರುವುದು ನ್ಯಾನೊಕ್ಯಾಪ್ಸೂಲಿನ ಹತ್ತಿರದ ಸಂಬಂಧಿ: ಅಮೆರಿಕದಲ್ಲಿ 1995ರಲ್ಲಿ ಮಂಜೂರಾದ ಲಿಪೊಸೋಮಲ್ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ. ಇದು ಕೊಬ್ಬಿನ ಪೊರೆಯ ಗುಳ್ಳೆ. ಮೇಲಿನ ಲೇಪ ಮಾತ್ರ ಪಾಲಿಮರ್. ಡ್ರಿಪ್ ಶುರುವಾದ ಕೆಲವೇ ನಿಮಿಷಗಳಲ್ಲಿ ಕೆಲವರಿಗೆ ಮುಖ ಕೆಂಪಾಗುತ್ತದೆ, ಎದೆ ಬಿಗಿಯುತ್ತದೆ, ಬೆನ್ನು ನೋಯುತ್ತದೆ. ರಕ್ತದ ಕಾಂಪ್ಲಿಮೆಂಟ್ ವ್ಯವಸ್ಥೆ (ರಕ್ಷಣಾ ಪ್ರೋಟೀನ್‌ಗಳ ಗುಂಪು) ಆ ಹೊದಿಕೆಗೆ ರೇಗಿದ್ದರ ಲಕ್ಷಣವಿದು. ಮೊದಲ ಡೋಸ್‌ನಲ್ಲೇ ಹೆಚ್ಚು. ನಮ್ಮ ಹಳ್ಳಿಯ ತಾಯಂದಿರು “ಏನೂ ಆಗಿಲ್ಲ ಬಿಡಪ್ಪ” ಎಂದು ಹಲ್ಲು ಕಚ್ಚಿ ಕೂರುತ್ತಾರೆ, ಡ್ರಿಪ್ ನಿಲ್ಲಿಸಿದರೆ ದುಬಾರಿ ಇಂಜೆಕ್ಷನ್ ಹಾಳಾದೀತೆಂಬ ಚಿಂತೆ. ತಡಮಾಡದೆ ನರ್ಸ್‌ಗೆ ಹೇಳಿ. ಸಾಮಾನ್ಯವಾಗಿ ಡ್ರಿಪ್ ನಿಲ್ಲಿಸಿ, ಲಕ್ಷಣ ಇಳಿದ ಮೇಲೆ ನಿಧಾನಗತಿಯಲ್ಲಿ ಮತ್ತೆ ಹರಿಸುತ್ತೇವೆ. ಬಾಟಲಿಯಲ್ಲಿ ಉಳಿದದ್ದೂ ಒಳಗೆ ಹೋಗುತ್ತದೆ.