ಹಗುರ ಶಾಖಕವಚಕ್ಕೆ ಬೆಂಕಿಗಿಂತ ನೀರಿನ ಕಾಟ

ಕಕ್ಕಡದ ಮಳೆಯಲ್ಲಿ ಗೋಣಿಚೀಲದ ಪಾರ್ಚ್‌ಮೆಂಟ್ ಕಾಫಿ ತೇವ ಎಳೆದುಕೊಳ್ಳುವುದು ಕೊಡಗಿನ ಬೆಳೆಗಾರರಿಗೆಲ್ಲ ಗೊತ್ತು. ಮತ್ತೆ ಮತ್ತೆ ಹಾರುವ ವ್ಯೋಮನೌಕೆ ಮರಳುವಾಗಿನ ಶಾಖ ತಡೆಯಲು ಅದರ ಮೈಗೆ ಅಂಟಿಸುವ ಸಿಲಿಕಾ ನಾರಿನ ಟೈಲಿಗೂ ಇದೇ ಕಷ್ಟ. ಪ್ರಾಜೆಕ್ಟಿಗಾಗಿ ಇದನ್ನು ಕೈಗೆತ್ತಿಕೊಳ್ಳುವ ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಶಾಖದ ಲೆಕ್ಕಕ್ಕೂ ಮೊದಲು ನೀರಿನ ಲೆಕ್ಕ ಹಾಕಬೇಕು.

ಅಮೆರಿಕದ ಸ್ಪೇಸ್ ಶಟಲ್‌ನಲ್ಲಿ ಹೆಚ್ಚಾಗಿ ಬಳಸಿದ ಎಲ್‌ಐ-900 ಟೈಲಿನ ಸಾಂದ್ರತೆ ಘನಮೀಟರಿಗೆ 144 ಕಿಲೋ. 15 ಸೆಂ.ಮೀ. ಚೌಕ, 5 ಸೆಂ.ಮೀ. ದಪ್ಪದ ತುಂಡು ತೂಗುವುದು 162 ಗ್ರಾಂ. ಅದರಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಪಾಲು ಬರಿಯ ಗಾಳಿ. ಆ ಜಾಗಕ್ಕೆಲ್ಲ ನೀರು ತುಂಬಿದರೆ ಒಂದು ಲೀಟರ್ ಹಿಡಿಯುತ್ತದೆ, ಅಂದರೆ ತನ್ನ ತೂಕದ ಆರು ಪಟ್ಟಿಗೂ ಹೆಚ್ಚು! ಹಗುರತನಕ್ಕಾಗಿ ಪಟ್ಟ ಶ್ರಮವೆಲ್ಲ ನೀರುಪಾಲು. ಒಳಗಿನ ನೀರು ಬಾಹ್ಯಾಕಾಶದಲ್ಲಿ ಹೆಪ್ಪುಗಟ್ಟಿದರೂ, ಮರಳುವಾಗ ಆವಿಯಾದರೂ ಟೈಲು ಸೀಳಬಹುದು.

ಹಾಗಾಗಿ ಟೈಲಿಗೆ ನೀರನ್ನು ಒಲ್ಲದ ಸಿಲೇನ್ ರಾಸಾಯನಿಕ ಉಣಿಸುತ್ತಾರೆ. ತೊಂದರೆಯೆಂದರೆ ಸುಮಾರು 565 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲೆಲ್ಲ ಅದು ಸುಟ್ಟುಹೋಗುತ್ತದೆ. ಶಟಲ್‌ನ ಸುಮಾರು 24,000 ಟೈಲುಗಳಿಗೆ ಪ್ರತಿ ಹಾರಾಟದ ನಂತರ ಒಂದೊಂದಾಗಿ ಮತ್ತೆ ಸಿಲೇನ್ ಚುಚ್ಚಬೇಕಾಗುತ್ತಿತ್ತು. ಮರುಬಳಕೆ ದುಬಾರಿಯಾದದ್ದು ಇಂಥ ಕೆಲಸಗಳಿಂದಲೇ. ಶಾಖಕ್ಕೂ ಉಳಿಯುವ ಜಲನಿರೋಧಕ ಲೇಪ ಸಿಕ್ಕಿದರೆ, ಇನ್ನೂ ನೂರು ಡಿಗ್ರಿ ತಡೆಯುವ ನಾರಿಗಿಂತ ಅದೇ ದೊಡ್ಡ ಗೆಲುವು ಎಂಬುದು ನನ್ನ ಅಭಿಪ್ರಾಯ.

ತಯಾರಿಯಲ್ಲೂ ನೀರಿನದೇ ಎಚ್ಚರ. ಸಿಲಿಕಾ ನಾರನ್ನು ನೀರಿನಲ್ಲಿ ಕದಡಿ, ಅಚ್ಚಿಗೆ ಸುರಿದು, ಒಣಗಿಸಿ, 1290 ಡಿಗ್ರಿಯ ಆಸುಪಾಸಿನಲ್ಲಿ ಕುಲುಮೆಯಲ್ಲಿಟ್ಟರೆ ನಾರುಗಳು ಕೂಡಿದಲ್ಲಿ ಬೆಸೆಯುತ್ತವೆ. ಕದಡಲು ಬೋರ್‌ವೆಲ್ ನೀರು, ತೋಡಿನ ನೀರು ಬೇಡವೇ ಬೇಡ. ಕರಗಿದ ಲವಣಗಳನ್ನು ತೆಗೆದ ಡೀಅಯೊನೈಸ್ಡ್ ನೀರೇ ಆಗಬೇಕು. ಬರಿಗೈಯಲ್ಲೂ ಮುಟ್ಟಬಾರದು. ಬೆವರಿನ ಸೋಡಿಯಂ ಸಾಕು, ಗಾಜಿನಂಥ ಸಿಲಿಕಾ ಕ್ರಿಸ್ಟೋಬಲೈಟ್ ಹರಳಾಗುತ್ತದೆ. ತಣಿಯುವಾಗ 200ರಿಂದ 270 ಡಿಗ್ರಿಯ ನಡುವೆ ಆ ಹರಳು ಥಟ್ಟನೆ ಕುಗ್ಗಿ ಬಿರುಕು ಬಿಡುತ್ತದೆ. ನಾರಿನ ದೂಳು ಶ್ವಾಸಕೋಶಕ್ಕೆ ಹೋಗದಂತೆ ಮಾಸ್ಕ್ ಕಡ್ಡಾಯ.

ಇನ್ನು ಅಂಟಿಸುವುದು. ಬಿಸಿಗೆ ನೌಕೆಯ ಮೈಯ ಅಲ್ಯೂಮಿನಿಯಂ ಹಿಗ್ಗುವುದು ಸಿಲಿಕಾದ ಸುಮಾರು 40 ಪಟ್ಟು. ನೇರವಾಗಿ ಅಂಟಿಸಿದರೆ ಟೈಲು ಒಡೆಯುತ್ತದೆ. ನಡುವೆ ನೋಮೆಕ್ಸ್ ಫೆಲ್ಟ್ (ಶಾಖ ತಾಳುವ ನಾರಿನ ಮೆತ್ತೆ) ಇಟ್ಟು ಸಿಲಿಕೋನ್ ಅಂಟು ಹಚ್ಚಬೇಕು. ಆದರೆ ಫೆಲ್ಟಿನ ಹೊಲಿಗೆ ಇರುವಲ್ಲೆಲ್ಲ ಎಳೆತ ಒಂದೇ ಬಿಂದುವಿಗೆ ಬೀಳುತ್ತದೆ. ಟೈಲಿನ ಅಡಿಮೈಗೆ ಕಲಾಯ್ಡಲ್ ಸಿಲಿಕಾ (ನೀರಿನಲ್ಲಿ ತೇಲುವ ಅತಿಸಣ್ಣ ಸಿಲಿಕಾ ಕಣಗಳು) ಹಚ್ಚಿ ಗಟ್ಟಿ ಪದರ ಮಾಡುವ ಉಪಾಯವನ್ನು 1981ರ ಮೊದಲ ಹಾರಾಟಕ್ಕೆ ಮುಂಚೆಯೇ ಕಂಡುಕೊಂಡದ್ದು ಇದಕ್ಕಾಗಿ.

ಮೇಲ್ಮೈಗೆ ಬೋರೋಸಿಲಿಕೇಟ್ ಗಾಜಿನ ಕಪ್ಪು ಲೇಪ. ಶಾಖವನ್ನು ಹೊರಚೆಲ್ಲುವುದು ಅದರ ಕೆಲಸ. 1500 ಕೆಲ್ವಿನ್‌ನಲ್ಲಿ 0.85 ಹೊರಸೂಸುವಿಕೆಯಿದ್ದರೆ (ಆದರ್ಶ ಕಪ್ಪು ಮೈಗೆ ಇದು 1) ಚದರ ಮೀಟರಿಗೆ 244 ಕಿಲೋವಾಟ್ ಹೊರಕ್ಕೆ ಹೋಗುತ್ತದೆ.

ಕಕ್ಷೆಯಿಂದ ಮರಳಿಸಿದ ಇಸ್ರೋದ ಎಸ್‌ಆರ್‌ಇ-1 ಕೋಶ 2007ರ ಜನವರಿ 22ರಂದು ಸಿಲಿಕಾ ಟೈಲು ಹೊದ್ದು ಬಂಗಾಳ ಕೊಲ್ಲಿಗೆ ಇಳಿಯಿತು. ಚಳ್ಳಕೆರೆ ಬಳಿ 2023–24ರಲ್ಲಿ ನಡೆದ ಪುಷ್ಪಕ್ (ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ) ಪ್ರಯೋಗಗಳು ರನ್‌ವೇಗೆ ಇಳಿಯುವ ಪರೀಕ್ಷೆ; ಶಾಖಕವಚದ ಪರೀಕ್ಷೆಯಲ್ಲ.

ಕಾಲೇಜಿನಲ್ಲೇ ಮಾಡಬಹುದಾದ ಒಂದು ಪರೀಕ್ಷೆ: ಸಿಲೇನ್ ಉಣಿಸಿದ, ಲೇಪವಿಲ್ಲದ ತುಂಡಿನ ಮೇಲೊಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲಿನಂತೆ ಹನಿ ಉರುಳಬೇಕು. ಆಮೇಲೆ 600 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಪೂರ್ತಿ ತಣಿದ ಮೇಲೆ ಇನ್ನೊಂದು ಹನಿ ಬಿಡಿ. ಈ ಸಲ ಹನಿ ಇಂಗಿಹೋಗುತ್ತದೆ.