ಮಳೆಗಾಲದಲ್ಲಿ ಹಾಲಿನ ಪ್ಯಾಕೆಟ್ ಒಣಗಿಸುವುದು

ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಇನ್ನು ಖಾಲಿ ಹಾಲಿನ ಪ್ಯಾಕೆಟ್ ಒಣಗಿಸಿ ಎಂದರೆ ಯಾರು ಕೇಳುತ್ತಾರೆ? ಆದರೆ ಆ ಪ್ಯಾಕೆಟ್ಟಿನ ಹಣೆಬರಹ ತೀರ್ಮಾನವಾಗುವುದು ಪಾತ್ರೆ ತೊಳೆಯುವ ಜಾಗದಲ್ಲೇ.

ಹಾಲಿನ ಪ್ಯಾಕೆಟ್ ಅಂದರೆ ಪಾಲಿಥೀನ್. ಒಳ್ಳೆಯ ಮಾಲು, ಗುಜರಿಯಲ್ಲಿ ಬೆಲೆಯೂ ಇದೆ. ಕಾರ್ಖಾನೆಯಲ್ಲಿ ಇದನ್ನು ಚೂರು ಮಾಡಿ, ತೊಳೆದು, ಕರಗಿಸಿ, ಶಾವಿಗೆಯಂತೆ ಎಳೆ ತೆಗೆದು, ಕಾಳು ಕಾಳಾಗಿ ಕತ್ತರಿಸುತ್ತಾರೆ. ಆ ಕಾಳಿನಿಂದ ಕಸದ ಚೀಲವೋ ಪೈಪೋ ಆಗುತ್ತದೆ. ಕರಗಿಸುವಾಗಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ನೀರಿನ ಪಸೆ ಉಳಿದಿದ್ದರೆ ಅದು ಆವಿಯಾಗಿ ಪ್ಲಾಸ್ಟಿಕ್ಕಿನೊಳಗೆ ಗುಳ್ಳೆ ಎಬ್ಬಿಸುತ್ತದೆ. ಹಾಲಿನ ಜಿಡ್ಡು ಉಳಿದಿದ್ದರೆ ಕರಟಿ ಬಣ್ಣ ಕೆಡಿಸುತ್ತದೆ, ವಾಸನೆ ಬಿಡಿಸುತ್ತದೆ. ಅಲ್ಲಿಯವರೆಗೆ ಹೋಗುವುದೂ ಅನುಮಾನವೇ. ಹುಳಿ ವಾಸನೆ ಹೊಡೆಯುವ ಮೂಟೆಯನ್ನು ಗುಜರಿಯವರು ತಕ್ಕಡಿಗೇ ಹಾಕುವುದಿಲ್ಲ.

ತೊಳೆಯಲು ಬೇರೆ ನೀರು ಬೇಕಿಲ್ಲ, ಪಾತ್ರೆ ತೊಳೆದು ಉಳಿದ ಸೋಪಿನ ನೀರು ಸಾಕು. ಮಳೆಗಾಲದಲ್ಲಂತೂ ಸೂರಿನ ನೀರೇ ಇದೆ. ಆಮೇಲೆ ಪ್ಯಾಕೆಟ್ಟನ್ನು ಒಳಗು ಹೊರಗು ಮಾಡಿ ಬಚ್ಚಲಮನೆಯ ಹಗ್ಗಕ್ಕೆ ಕ್ಲಿಪ್ ಹಾಕಿ. ಪಾಲಿಥೀನ್ ಬಟ್ಟೆಯ ಹಾಗೆ ನೀರು ಕುಡಿಯುವುದಿಲ್ಲ, ಮೇಲ್ಮೈ ಆರಿದರೆ ಆಯಿತು. ಒಲೆಯ ತೀರಾ ಹತ್ತಿರ ಮಾತ್ರ ಬೇಡ, ಮುದುಡಿ ಹೋಗುತ್ತದೆ.

ಇನ್ನೊಂದು ಸಣ್ಣ ವಿಷಯ. ಹಾಲು ಸುರಿಯಲು ಮೂಲೆ ಕತ್ತರಿಸುತ್ತೇವಲ್ಲ, ಆ ಚೂರನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ, ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಬೇರೆಯಾದರೆ ಅದನ್ನು ಯಾರೂ ಹೆಕ್ಕುವುದಿಲ್ಲ. ತರಕಾರಿ ಸಿಪ್ಪೆಯ ಜೊತೆ ಗೊಬ್ಬರಗುಂಡಿಗೆ ಬಿದ್ದು, ಅಲ್ಲಿಂದ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಅಲ್ಲಿ ಕೊಳೆಯುವುದೂ ಇಲ್ಲ. ತೋಟದ ಮಣ್ಣು ಕೆದಕಿ ನೋಡಿ, ಸಿಗುತ್ತದೆ.

ನೀರಿನ ಬಾಟಲಿಯ ಕಥೆ ಬೇರೆ. ಬಾಟಲಿ ಒಂದು ಬಗೆಯ ಪ್ಲಾಸ್ಟಿಕ್, ಪೆಟ್. ಮುಚ್ಚಳ ಇನ್ನೊಂದು ಬಗೆ. ಎರಡರಿಂದಲೂ ಒಂದೊಂದು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಪೆಟ್ ನೀರಿಗಿಂತ ಸುಮಾರು 1.38 ಪಟ್ಟು ತೂಕ, ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ. ಕಾರ್ಖಾನೆಯ ತೊಟ್ಟಿಯಲ್ಲಿ ಇವನ್ನು ಬೇರ್ಪಡಿಸುವುದೂ ಹೀಗೆಯೇ. ಸಮುದ್ರವೂ ಅದನ್ನೇ ಮಾಡುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅಲೆ ತಂದು ಹಾಕುವ ಕಸದ ಸಾಲಿನಲ್ಲಿ ಮುಚ್ಚಳ, ಚಪ್ಪಲಿ, ಥರ್ಮಾಕೋಲ್ ಕಾಣುತ್ತವೆ. ತೂತಾಗಿ ನೀರು ತುಂಬಿದ ಬಾಟಲಿ ತಳ ಸೇರಿರುತ್ತದೆ.

ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ಅದನ್ನು ನೋಡಿ 'ಇದು ಮರುಬಳಕೆ ಆಗುತ್ತದೆ' ಎಂದುಕೊಳ್ಳುವವರೇ ಜಾಸ್ತಿ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೊಂದು 1988ರಲ್ಲಿ ಶುರುಮಾಡಿದ ಗುರುತು ಅದು. ಯಾವ ಜಾತಿಯ ಪ್ಲಾಸ್ಟಿಕ್ ಎಂದಷ್ಟೇ ಹೇಳುತ್ತದೆ. 1 ಅಂದರೆ ಪೆಟ್, 2 ಅಂದರೆ ಗಟ್ಟಿ ಪಾಲಿಥೀನ್, 5 ಅಂದರೆ ಪಾಲಿಪ್ರೊಪಿಲೀನ್. ಈ ಮೂರನ್ನು ಗುಜರಿಯವರು ಸಾಮಾನ್ಯವಾಗಿ ಕೊಳ್ಳುತ್ತಾರೆ. 7 ಇದ್ದರೆ 'ಇತರೆ', ಅಂದರೆ ಏನು ಬೇಕಾದರೂ ಆಗಿರಬಹುದು.

ನಿಜವಾದ ತಲೆನೋವು ಚಿಪ್ಸ್ ಪ್ಯಾಕೆಟ್. ಮುಷ್ಟಿಯಲ್ಲಿ ಹಿಂಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಅಲ್ಯೂಮಿನಿಯಂ ಹಾಳೆ. ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್, ಒಳಗಿನ ಬೆಳ್ಳಿ ಬಣ್ಣ ಅದರ ಮೇಲೆ ಕೂರಿಸಿದ ತೀರಾ ತೆಳು ಅಲ್ಯೂಮಿನಿಯಂ ಲೇಪ. ಗಾಳಿ, ಬೆಳಕು, ತೇವ ಒಳಗೆ ಹೋಗದಂತೆ ಪದರದ ಮೇಲೆ ಪದರ ಅಂಟಿಸಿರುತ್ತಾರೆ. ನಮ್ಮ ಕರಾವಳಿಯ ಥಂಡಿ ಹವೆಯಲ್ಲೂ ಚಿಪ್ಸ್ ಗರಿಗರಿ ಇರುವುದು ಇದರಿಂದಲೇ. ಆದರೆ ಅಂಟಿಸಿದ್ದನ್ನು ಬಿಡಿಸಲು ತಗಲುವ ಖರ್ಚು ಮಾಲಿನ ಬೆಲೆಗಿಂತ ಜಾಸ್ತಿ. ಇದು ನಿಮ್ಮ ತಪ್ಪಲ್ಲ, ಹಾಗೆ ತಯಾರಿಸಿದವರದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ ಇದನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹಾಕಿವೆ.

ಹಾಗಂತ ಬಚ್ಚಲ ಒಲೆಗೆ ತುರುಕುವುದೂ ಸರಿಯಲ್ಲ. ನಮ್ಮ ಕಡೆ ಸುಮ್ನೆ ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಹಾಕುವ ರೂಢಿ ಹಲವು ಮನೆಗಳಲ್ಲಿದೆ, ಅಲ್ವಾ? ಸಿಮೆಂಟ್ ಕಾರ್ಖಾನೆಯಲ್ಲೂ ಇದನ್ನೇ ಸುಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಸುಡುತ್ತಾರೆ, ನಿಜ. ಆದರೆ ಆ ಗೂಡಿನಲ್ಲಿ ಕಲ್ಲುಪುಡಿಯೇ 1,450 ಡಿಗ್ರಿಯವರೆಗೆ ಕಾಯುತ್ತದೆ, ಪ್ಲಾಸ್ಟಿಕ್ ಪೂರ್ತಿ ಉರಿದುಹೋಗುತ್ತದೆ. ಬಚ್ಚಲ ಒಲೆಯಲ್ಲಿ ಹಸಿ ಕಟ್ಟಿಗೆ, ಅರೆಬರೆ ಗಾಳಿ. ಪ್ಲಾಸ್ಟಿಕ್ ಅರ್ಧ ಸುಟ್ಟು ಹೊಗೆಯಾಗುತ್ತದೆ. ಪಿವಿಸಿ ಸೇರಿದ್ದರೆ ಅದರ ಕ್ಲೋರಿನ್‌ನಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಮೇಲಿನ ಬಣ್ಣದಲ್ಲಿ ಲೋಹಗಳಿದ್ದರೆ ಅವು ಬೂದಿಯಲ್ಲೇ ಉಳಿಯುತ್ತವೆ. ಆ ಬೂದಿಯನ್ನು ನಾವು ಬಸಳೆ ಬುಡಕ್ಕೆ ಹಾಕುತ್ತೇವೆ.

ಉಳಿದವು ಸುಲಭ. ರಟ್ಟು ಒದ್ದೆಯಾಗದಂತೆ ಅಟ್ಟದ ಮೇಲಿಡಿ. ಹೋಟೆಲ್ ಪಾರ್ಸಲ್ಲಿನ ಕಾಗದವನ್ನು ನಿಧಾನ ಹರಿದು ನೋಡಿ, ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಪೊರೆ ಇಣುಕಿದರೆ ಅದು ಗೊಬ್ಬರಗುಂಡಿಗೆ ಬೇಡ. ಅಲ್ಯೂಮಿನಿಯಂ ಡಬ್ಬಿ ಎಸೆಯುವುದಂತೂ ನಷ್ಟ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಕರಗಿಸಿ ಮತ್ತೆ ಬಳಸಲು ಬೇಕಾಗುವ ಶಕ್ತಿ ಶೇ. 5ರಷ್ಟೇ. ಜೋನಿಬೆಲ್ಲದ ಡಬ್ಬದ ಬಗ್ಗೆ ಶಿರಸಿಯವರಿಗೆ ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ. ಅದು ತುಕ್ಕು ಹಿಡಿದು ತೂತಾಗುವವರೆಗೂ ಮನೆ ಬಿಟ್ಟು ಹೋಗುವುದಿಲ್ಲ.

ಚಿಪ್ಸ್ ಪ್ಯಾಕೆಟ್, ಬಿಸ್ಕತ್ತಿನ ಕವರುಗಳನ್ನೆಲ್ಲ ಒರೆಸಿ ಒಂದು ಚೀಲದಲ್ಲಿ ತುಂಬಿಟ್ಟು ಪಂಚಾಯ್ತಿಯ ಸ್ವಚ್ಛ ವಾಹಿನಿ ಬಂದಾಗ ಕೊಡಿ. ಅದರಲ್ಲಿರುವ ಮಹಿಳೆಯರು ಇದನ್ನೆಲ್ಲ ಕೈಯಿಂದಲೇ ವಿಂಗಡಿಸುತ್ತಾರೆ. ಹಾಗಾಗಿ ಒಡೆದ ಗಾಜು, ಬ್ಲೇಡು ಇದ್ದರೆ ಆ ಚೀಲಕ್ಕೆ ಸೇರಿಸಬೇಡಿ. ದಪ್ಪ ಕಾಗದದಲ್ಲಿ ಸುತ್ತಿ, ಇದರಲ್ಲಿ ಗಾಜಿದೆ ಎಂದು ಬಾಯಿಬಿಟ್ಟು ಹೇಳಿ ಬೇರೆಯಾಗಿಯೇ ಕೊಡಿ.